ಕೆಟ್ಟ ಹಾರ್ಡ್ ಡಿಸ್ಕ್ ಪ್ರಯೋಗಾಲಯದ ದಾಸ್ತಾನಿಗೆ ಬರಲಿ

ಸಂಪಾದಕರಿಗೆ,

ಮಾನ್ಯರೇ,

ಹೋದ ವರ್ಷ ಧಾರವಾಡ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರನ್ನು ಕಾಣಲು ಹೋಗಿದ್ದೆ. ಅಂದು ಅಲ್ಲಿ ಗಣಕಯಂತ್ರ ಕೊಠಡಿಯ ಹಳೆಯ ಸಾಮಾನುಗಳನ್ನು ಗುಜರಿಯವರಿಗೆ ತೂಕಕ್ಕೆ ಹಾಕುವ ಕೆಲಸ ನಡೆದಿತ್ತು. ತಕ್ಕಡಿಯ ಪಕ್ಕದ ಗೋಣಿಚೀಲದಲ್ಲಿ ಹನ್ನೊಂದು ಹಾರ್ಡ್ ಡಿಸ್ಕ್‌ಗಳಿದ್ದವು. ಅವೆಲ್ಲವನ್ನೂ ನಿರುಪಯುಕ್ತವೆಂದು ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಬರೆದು, ಸಹಿ ಮಾಡಿ, ಲೋಹದ ದರಕ್ಕೆ ಕೊಡಲಾಗುತ್ತಿತ್ತು. ಮೂವತ್ತು ವರ್ಷ ಪದವಿಪೂರ್ವ ಕಾಲೇಜುಗಳಲ್ಲಿ ಭೌತವಿಜ್ಞಾನ ಕಲಿಸಿದ ನನಗೆ ಆ ಚೀಲ ನೋಡಿ ಸಂಕಟವಾಯಿತು. ಹಾರ್ಡ್ ಡಿಸ್ಕ್ ಕೆಟ್ಟಿತೆಂದರೆ ಬಹುಮಟ್ಟಿಗೆ ತಟ್ಟೆಯ ಮೇಲ್ಮೈಯೋ, ಓದುವ ಹೆಡ್ಡೋ, ಅಡಿಯ ಸರ್ಕ್ಯೂಟ್ ಬೋರ್ಡೋ ಕೆಟ್ಟಿರುತ್ತದೆ. ನಡುವಿನ ಮೋಟರ್ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಆ ಮೋಟರಿನಿಂದ ಮಕ್ಕಳಿಗೆ ತ್ರೀ ಫೇಸ್ ವಿದ್ಯುತ್ತಿನ ಪಾಠವನ್ನೂ ಗಣಕಯಂತ್ರಕ್ಕೆ ಬೆರಳಿನಿಂದ ತಿರುಗಿಸುವ ಡಯಲನ್ನೂ ಹೇಗೆ ಮಾಡಬಹುದು, ಅದು ನಮ್ಮ ಶಾಲೆಗಳಲ್ಲಿಯೇ ಏಕೆ ಉಳಿಯಬೇಕು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಶಿಕ್ಷಕರಿಗೂ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೂ ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಹಾರ್ಡ್ ಡಿಸ್ಕ್‌ನ ಮುಚ್ಚಳವನ್ನು ನಕ್ಷತ್ರಾಕಾರದ ತಲೆಯ ಸ್ಕ್ರೂಗಳಿಂದ ಬಿಗಿದಿರುತ್ತಾರೆ. ಒಂದು ಸ್ಕ್ರೂ ಅನೇಕ ವೇಳೆ ಲೇಬಲ್ಲಿನ ಅಡಿಯಲ್ಲಿ ಅಡಗಿರುತ್ತದೆ. ಬೆರಳಿನಿಂದ ಒತ್ತಿ ನೋಡಿದರೆ ತಗ್ಗು ಸಿಗುತ್ತದೆ. ಮುಚ್ಚಳ ತೆಗೆದರೆ ಕನ್ನಡಿಯಂತೆ ಹೊಳೆಯುವ ತಟ್ಟೆ, ಅದರ ನಡುವೆ ಮೋಟರಿನ ತಲೆ ಕಾಣುತ್ತವೆ. ಈ ಮೋಟರಿನಲ್ಲಿ ತಿರುಗುವ ಭಾಗಕ್ಕೆ ಉಜ್ಜಿಕೊಂಡು ವಿದ್ಯುತ್ ಮುಟ್ಟಿಸುವ ಬ್ರಶ್ ಇರುವುದಿಲ್ಲ. ತಾಮ್ರದ ಸುರುಳಿಗಳು ಒಳಗೆ ನಿಂತಲ್ಲೇ ನಿಂತಿರುತ್ತವೆ. ಸುತ್ತಲಿನ ಬಟ್ಟಲಿಗೆ ಅಂಟಿದ ಆಯಸ್ಕಾಂತದ ಬಳೆ ಮಾತ್ರ ತಿರುಗುತ್ತದೆ. ಸುರುಳಿಗಳು ಫೇಸ್ ಎನ್ನುವ ಮೂರು ಗುಂಪುಗಳಾಗಿದ್ದು, ಮೂರೂ ಗುಂಪಿನ ಒಂದೊಂದು ತುದಿ ಒಂದೆಡೆ ಕೂಡಿರುತ್ತದೆ. ಆದ್ದರಿಂದ ಮೋಟರಿನ ಅಡಿಯಲ್ಲಿ ಸಾಮಾನ್ಯವಾಗಿ ನಾಲ್ಕು ಸಂಪರ್ಕಗಳಿರುತ್ತವೆ: ಮೂರು ಫೇಸ್, ಒಂದು ಸಾಮಾನ್ಯ ತುದಿ. ಯಾವುದು ಯಾವುದೆಂದು ತಿಳಿಯಲು ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಎರಡೆರಡನ್ನೇ ಅಳೆದರೆ ಸಾಕು. ಸಾಮಾನ್ಯ ತುದಿಯಿಂದ ಒಂದು ಫೇಸ್‌ಗೆ ಬರುವ ರೋಧಕ್ಕಿಂತ ಫೇಸ್‌ನಿಂದ ಫೇಸ್‌ಗೆ ಬರುವ ರೋಧ ಎರಡರಷ್ಟಿರುತ್ತದೆ.

ಈ ಮೋಟರಿಗೆ ವಿದ್ಯುತ್ ಕೊಡದೆ, ಅದರ ತಲೆಯನ್ನು ಕೈಯಿಂದ ತಿರುಗಿಸಿದರೆ ಅದೇ ಜನರೇಟರ್ ಆಗುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯನ್ನು ದ್ವಿತೀಯ ಪಿಯುಸಿಯ ಮಕ್ಕಳು ಸೂತ್ರವಾಗಿ ಬಾಯಿಪಾಠ ಮಾಡುತ್ತಾರೆ. ಇಲ್ಲಿ ಅದು ಹೆಬ್ಬೆರಳಿನ ತುದಿಯಲ್ಲಿ ನಡೆಯುತ್ತದೆ. ಆಯಸ್ಕಾಂತ ಸುತ್ತಿದಂತೆ ಮೂರೂ ಸುರುಳಿಗಳಲ್ಲಿ ವೋಲ್ಟೇಜ್ ಏರಿ ಇಳಿಯುತ್ತದೆ, ಆದರೆ ಮೂರರಲ್ಲೂ ಏಕಕಾಲಕ್ಕಲ್ಲ, ಒಂದರ ಹಿಂದೆ ಒಂದು 120 ಡಿಗ್ರಿ ಅಂತರದಲ್ಲಿ. ಸುರುಳಿಗಳನ್ನು ಕ, ಖ, ಗ ಎಂದು ಕರೆದರೆ, ಬಲಕ್ಕೆ ತಿರುಗಿಸಿದಾಗ ಕ-ಖ-ಗ ಎಂಬ ಸರದಿಯಲ್ಲಿ ಅಲೆ ಏಳುತ್ತದೆ, ಎಡಕ್ಕೆ ತಿರುಗಿಸಿದಾಗ ಕ-ಗ-ಖ ಎಂಬ ಸರದಿಯಲ್ಲಿ. ಎಷ್ಟು ಅಲೆ ಬಂದವೆಂದು ಎಣಿಸಿದರೆ ಎಷ್ಟು ತಿರುಗಿತೆಂದೂ, ಯಾವ ಸರದಿಯಲ್ಲಿ ಬಂದವೆಂದು ನೋಡಿದರೆ ಯಾವ ಕಡೆಗೆ ತಿರುಗಿತೆಂದೂ ಗೊತ್ತಾಗುತ್ತದೆ. ಗಣಕಯಂತ್ರದ ಧ್ವನಿ ಹೆಚ್ಚು ಕಡಿಮೆ ಮಾಡಲು, ಪುಟ ಸರಿಸಲು, ಧ್ವನಿಮುದ್ರಿಕೆಯನ್ನು ಹಿಂದೆ ಮುಂದೆ ಓಡಿಸಲು ಬೇಕಾದ ಡಯಲ್‌ಗೆ ಈ ಎರಡು ಸಂಗತಿಗಳೇ ಸಾಕು.

ಇದನ್ನು ಗದಗ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ತೋರಿಸುತ್ತಿದ್ದಾಗ ನಡೆದುದನ್ನು ಇಲ್ಲಿ ಹೇಳಲೇಬೇಕು. ಕ-ಖ-ಗ ಸರದಿಯನ್ನು ನಾನು ಬೋರ್ಡಿನ ಮೇಲೆ ಬರೆದು ವಿವರಿಸುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸರ, ನಮ್ಮ ಹೊಲದಾಗಿನ ಮೋಟರ್ ಉಲ್ಟಾ ತಿರುಗಿದ್ರ ನಮ್ಮಪ್ಪ ಎರಡು ವೈರ್ ಅದಲಬದಲ ಮಾಡ್ತಾರ್ರಿ. ಇದೂ ಅದ ಏನ್ರಿ?" ಎಂದು ಕೇಳಿದ. ಅದೇ ಇದು. ಕೊಳವೆಬಾವಿಯ ತ್ರೀ ಫೇಸ್ ಪಂಪ್‌ಸೆಟ್ಟಿಗೆ ಯಾವ ಸರದಿಯಲ್ಲಿ ವಿದ್ಯುತ್ ಕೊಡುತ್ತೇವೆಯೋ ಅದರಂತೆ ಅದು ತಿರುಗುತ್ತದೆ, ಎರಡು ತಂತಿ ಅದಲುಬದಲಾದರೆ ಸರದಿ ತಿರುಗುಮುರುಗಾಗಿ ದಿಕ್ಕೂ ಬದಲಾಗುತ್ತದೆ. ಇಲ್ಲಿ ನಾವು ತಿರುಗಿಸಿದ ದಿಕ್ಕಿಗೆ ತಕ್ಕ ಸರದಿ ತಂತಿಗಳಲ್ಲಿ ಹೊರಬರುತ್ತದೆ. ನನ್ನ ಅಷ್ಟು ವರ್ಷಗಳ ಅಧ್ಯಾಪನದಲ್ಲಿ ತ್ರೀ ಫೇಸ್ ಎಂಬುದನ್ನು ಇಷ್ಟು ಸರಳವಾಗಿ ಯಾರಿಗೂ ಮುಟ್ಟಿಸಲು ನನಗೆ ಆಗಿರಲಿಲ್ಲ. ಒಕ್ಕಲುತನದ ಮನೆಯ ಮಕ್ಕಳಿಗೆ ಅರ್ಧ ಪಾಠ ಹೊಲದಲ್ಲಿಯೇ ಆಗಿರುತ್ತದೆ. ಉಳಿದರ್ಧಕ್ಕೆ ಬೇಕಾದ ಪಾಠೋಪಕರಣವನ್ನು ನಾವು ಗೋಣಿಚೀಲದಲ್ಲಿ ತುಂಬಿ ಕಳಿಸುತ್ತಿದ್ದೇವೆ.

ಡಯಲ್ ಮಾಡುವ ಕೆಲಸದಲ್ಲಿ ನಿಜವಾದ ತೊಡಕು ಒಂದೇ: ಕೈಯಿಂದ ತಿರುಗಿಸಿದಾಗ ಹುಟ್ಟುವ ವೋಲ್ಟೇಜ್ ಬಹಳ ಕಡಿಮೆ. ಮೂರೂವರೆ ಇಂಚಿನ ಹಾರ್ಡ್ ಡಿಸ್ಕ್‌ನ ಮೋಟರ್ 12 ವೋಲ್ಟ್‌ನಲ್ಲಿ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಆ ವೇಗದಲ್ಲಿ ಸುರುಳಿಯಲ್ಲಿ ಹುಟ್ಟುವ ವೋಲ್ಟೇಜ್ 12ಕ್ಕಿಂತ ಕಡಿಮೆಯೇ ಇರಬೇಕು. ನಾವು ಸೆಕೆಂಡಿಗೆ ಒಂದು ಸುತ್ತು ತಿರುಗಿಸಿದರೆ ಅದರ ನೂರಿಪ್ಪತ್ತರಲ್ಲಿ ಒಂದು ಪಾಲು, ಎಂದರೆ ಹೆಚ್ಚೆಂದರೆ 100 ಮಿಲಿವೋಲ್ಟ್. ಇಷ್ಟು ಸಣ್ಣ ಅಲೆ ಆರ್ಡುಯಿನೊದಂತಹ, ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ನಿಯಂತ್ರಕ ಬೋರ್ಡಿಗೆ ನೇರವಾಗಿ ತಿಳಿಯುವುದಿಲ್ಲ. ನಡುವೆ ಎಲ್‌ಎಂ339 ಎಂಬ ಐಸಿ ಹಾಕಬೇಕು. ಅದರಲ್ಲಿ ಎರಡು ವೋಲ್ಟೇಜ್‌ಗಳಲ್ಲಿ ಯಾವುದು ಹೆಚ್ಚೆಂದು ಹೇಳುವ ನಾಲ್ಕು ಕಂಪ್ಯಾರೇಟರ್‌ಗಳಿರುವುದರಿಂದ ಮೂರು ಫೇಸ್‌ಗೆ ಒಂದೇ ಐಸಿ ಸಾಲುತ್ತದೆ. ಮೋಟರಿನ ಸಾಮಾನ್ಯ ತುದಿಯನ್ನು ಎರಡು ಸಮ ರೆಸಿಸ್ಟರ್‌ಗಳ ಮೂಲಕ 5 ವೋಲ್ಟ್‌ನ ಅರ್ಧಕ್ಕೆ ಎತ್ತಿ, ಅದನ್ನೇ ಪ್ರತಿ ಕಂಪ್ಯಾರೇಟರಿನ ಋಣ ಕಾಲಿಗೆ ಕೊಡಬೇಕು. ಒಂದೊಂದು ಫೇಸನ್ನು 1 ಕಿಲೋಓಮ್ ಮೂಲಕ ಧನ ಕಾಲಿಗೆ ಕೊಟ್ಟು, ಹೊರಬರುವ ಕಾಲಿನಿಂದ ಧನ ಕಾಲಿಗೆ 470 ಕಿಲೋಓಮ್ ಹಾಕಿದರೆ ಸುಮಾರು 10 ಮಿಲಿವೋಲ್ಟ್‌ನ ಹಿಸ್ಟೆರಿಸಿಸ್, ಅಂದರೆ ಸಣ್ಣಪುಟ್ಟ ಏರಿಳಿತಕ್ಕೆ ಕಂಪ್ಯಾರೇಟರ್ ಅತ್ತಿತ್ತ ಹೊಯ್ದಾಡದಂತೆ ತಡೆಯುವ ಅಂತರ, ಸಿಗುತ್ತದೆ. ಹೊರಬರುವ ಕಾಲಿನಿಂದ 5 ವೋಲ್ಟ್‌ಗೆ 10 ಕಿಲೋಓಮ್ ಹಾಕುವುದನ್ನು ಮರೆಯಬಾರದು. ನಾನು ಮೊದಲ ಸಲ ಅದನ್ನು ಬಿಟ್ಟು, ಮೋಟರೇ ಸತ್ತಿದೆಯೆಂದು ಎರಡು ದಿನ ಕಳೆದೆ. ಆ 470 ಕಿಲೋಓಮ್ ಇಲ್ಲದಿದ್ದರೆ ಡಯಲ್ ಮುಟ್ಟದೆ ಇದ್ದಾಗಲೂ ತಂತಿಗಳಲ್ಲಿನ ವಿದ್ಯುತ್ ಗದ್ದಲದಿಂದಾಗಿ ಎಣಿಕೆ ತಾನೇ ಓಡುತ್ತಿರುತ್ತದೆ.

ಬಳೆಯಲ್ಲಿ 12 ಧ್ರುವಗಳಿರುವ ಮೋಟರಾದರೆ ಒಂದು ಸುತ್ತಿಗೆ ಪ್ರತಿ ಫೇಸ್‌ನಲ್ಲಿ 6 ಅಲೆ, ಅಲೆಗೆ ಎರಡು ಬದಲಾವಣೆ, ಮೂರು ಫೇಸ್ ಸೇರಿ 36 ಎಣಿಕೆ. ಅಂದರೆ ಹತ್ತು ಡಿಗ್ರಿಗೆ ಒಂದು. ಕೀಬೋರ್ಡ್ ಅಥವಾ ಮೌಸ್‌ನಂತೆ ಗಣಕಯಂತ್ರದೊಡನೆ ಮಾತನಾಡಬಲ್ಲ ಆರ್ಡುಯಿನೊ ಲಿಯೊನಾರ್ಡೊ ಜಾತಿಯ ಬೋರ್ಡ್ ಬಳಸಿದರೆ ಗಣಕಯಂತ್ರಕ್ಕೆ ಬೇರೆ ತಂತ್ರಾಂಶ ಬೇಡ.

ಈ ಡಯಲ್‌ನ ಮಿತಿಯನ್ನೂ ಹೇಳಬೇಕು. ತೀರ ನಿಧಾನವಾಗಿ ತಿರುಗಿಸಿದರೆ ಸಾಕಷ್ಟು ವೋಲ್ಟೇಜ್ ಹುಟ್ಟುವುದಿಲ್ಲ, ಎಣಿಕೆ ತಪ್ಪುತ್ತದೆ. ಆದ್ದರಿಂದ ಲೇತ್ ಯಂತ್ರದ ಅಳತೆಯಂತಹ ಕೆಲಸಕ್ಕೆ ಇದು ಒದಗುವುದಿಲ್ಲ. ಕಣ್ಣು ಅಥವಾ ಕಿವಿ ಎದುರಿಗಿದ್ದು, ಕೈ ತಾನೇ ತಿದ್ದಿಕೊಳ್ಳುವ ಕೆಲಸಕ್ಕೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ನಮ್ಮ ತಂದೆಯವರು ಆಕಾಶವಾಣಿ ಧಾರವಾಡದ ಸಂಗೀತ ಕಾರ್ಯಕ್ರಮಗಳನ್ನು ಮನೆಯಲ್ಲಿ ಕ್ಯಾಸೆಟ್‌ಗಳಿಗೆ ತುಂಬಿಕೊಂಡಿದ್ದರು. ಅವುಗಳನ್ನು ನಾನೀಗ ಗಣಕಯಂತ್ರಕ್ಕೆ ಇಳಿಸುತ್ತಿದ್ದೇನೆ. ಒಂದು ಖಯಾಲ್ ಮುಗಿದು ತಂಬೂರಿಯ ಶ್ರುತಿಯಷ್ಟೇ ಉಳಿದ ಕ್ಷಣವನ್ನು ಹುಡುಕಿ ಅಲ್ಲಿ ಕತ್ತರಿಸಬೇಕಾದಾಗ, ಮೌಸ್‌ನಿಂದ ಗೆರೆಯನ್ನು ಎಳೆದಾಡುವುದಕ್ಕಿಂತ ಈ ತಟ್ಟೆಯನ್ನು ಬೆರಳಿನಿಂದ ಹಿಂದೆ ಮುಂದೆ ಆಡಿಸುವುದು ಎಷ್ಟೋ ಸುಲಭ. ಮೋಟರಿನ ಮೇಲೆ ಒಂದು ತಟ್ಟೆಯನ್ನು ಹಾಗೆಯೇ ಬಿಟ್ಟಿದ್ದೇನೆ. ಅದರ ಭಾರದಿಂದ ಡಯಲ್ ಒಮ್ಮೆ ತಳ್ಳಿದರೆ ಸದ್ದಿಲ್ಲದೆ ಸ್ವಲ್ಪ ಹೊತ್ತು ತಿರುಗುತ್ತದೆ. ಹಳೆಯ ವಾಲ್ವ್ ರೇಡಿಯೋದ ದೊಡ್ಡ ಗುಂಡಿ ತಿರುಗಿಸಿ ಸ್ಟೇಷನ್ ಹಿಡಿದವರ ಬೆರಳಿಗೆ ಆ ಭಾರ ನೆನಪಿರುತ್ತದೆ.

ತಿರುಗಿಸುವಾಗ ಕಟ್ ಕಟ್ ಎಂಬ ತಡೆ ಬೇಕೆನ್ನುವವರು ಹಳೆಯ ಫ್ಲಾಪಿ ಡ್ರೈವ್ ಅಥವಾ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಸ್ಟೆಪ್ಪರ್ ಮೋಟರ್ ಬಳಸಬಹುದು. ಅದರಲ್ಲಿ ಎರಡು ಫೇಸ್‌ಗಳು 90 ಡಿಗ್ರಿ ಅಂತರದಲ್ಲಿರುತ್ತವೆ. ಸರ್ಕ್ಯೂಟ್ ಇನ್ನೂ ಸರಳವಾಗುತ್ತದೆ.

ಅಂಗಡಿಯಲ್ಲಿ ಸಿದ್ಧ ಎನ್‌ಕೋಡರ್ (ಎಷ್ಟು, ಯಾವ ಕಡೆಗೆ ತಿರುಗಿತೆಂದು ಹೇಳುವ ಬಿಡಿಭಾಗ) ಕಡಿಮೆ ಬೆಲೆಗೆ ಸಿಗುವಾಗ ಇದೆಲ್ಲ ಏಕೆಂದು ಕೆಲವು ಶಿಕ್ಷಕ ಮಿತ್ರರು ಕೇಳಿದ್ದಾರೆ. ಡಯಲ್ ಒಂದೇ ಬೇಕಾದರೆ ಕೊಂಡುಕೊಳ್ಳುವುದೇ ಸರಿ. ಆದರೆ ಕೊಂಡ ಎನ್‌ಕೋಡರಿನ ಡಬ್ಬಿಯೊಳಗೆ ಏನಿದೆಯೆಂದು ಮಗು ನೋಡುವುದಿಲ್ಲ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಅದು ಒಳ್ಳೆಯ ಯೋಜನೆಯೇ. ಆಯ್ಕೆಯಾಗದ ಶಾಲೆಗಳ ಮಕ್ಕಳ ಪಾಲಿಗೆ ಇರುವುದು ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಗಣಕಯಂತ್ರಗಳಷ್ಟೆ, ಮತ್ತು ಅವುಗಳ ಹೊಟ್ಟೆಯಲ್ಲಿ ಒಂದು ಒಳ್ಳೆಯ ತ್ರೀ ಫೇಸ್ ಯಂತ್ರವಿದೆ.

ಬಿಚ್ಚುವಾಗ ಎಚ್ಚರ ಬೇಕು. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್‌ಗಳಲ್ಲಿ ತಟ್ಟೆ ಅನೇಕ ವೇಳೆ ಗಾಜಿನದಾಗಿರುತ್ತದೆ, ಬಗ್ಗಿಸಿದರೆ ಚೂರುಚೂರಾಗಿ ಸಿಡಿಯುತ್ತದೆ. ಮಕ್ಕಳ ಕೈಗೆ ಅದನ್ನು ಕೊಡಲೇಬಾರದು. ಹೆಡ್ಡಿನ ಬುಡದಲ್ಲಿರುವ ನಿಯೋಡಿಮಿಯಂ ಆಯಸ್ಕಾಂತಗಳು ಒಂದಕ್ಕೊಂದು ಹಾರಿ ಕೂಡುವಾಗ ನಡುವೆ ಸಿಕ್ಕ ಬೆರಳಿನ ಚರ್ಮ ಕೀಳುತ್ತವೆ, ಮತ್ತು ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಅವುಗಳಿಂದ ದೂರವಿರಬೇಕು. ಶಾಲೆಯ ಹಾರ್ಡ್ ಡಿಸ್ಕ್‌ನಲ್ಲಿ ಮಕ್ಕಳ ಅಂಕಪಟ್ಟಿ, ವಿಳಾಸ, ಭಾವಚಿತ್ರಗಳು ಇದ್ದಿರಬಹುದು. ಮುಚ್ಚಳ ತೆಗೆದ ಮಾತ್ರಕ್ಕೆ ಅವು ಅಳಿಯುವುದಿಲ್ಲ. ಡಯಲ್‌ಗೆಂದು ಉಳಿಸುವ ಅಲ್ಯೂಮಿನಿಯಂ ತಟ್ಟೆಯ ಎರಡೂ ಮೈಗಳನ್ನು ನೀರಿನಲ್ಲಿ ನೆನೆಸಿದ ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಬೇಕು. ಅಂದು ಆ ಗೋಣಿಚೀಲದಲ್ಲಿ ಹೋದ ಹಾರ್ಡ್ ಡಿಸ್ಕ್‌ಗಳಲ್ಲಿ ಯಾರ ಮಾಹಿತಿಯಿತ್ತೆಂದು ತೂಗಿಕೊಟ್ಟವರು ಯಾರೂ ನೋಡಿರಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

1 ಏಪ್ರಿಲ್ 2023ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಆಶಯವೂ ಇಂತಹ ಸಾಮಾನು ನೋಂದಾಯಿತ ಮರುಬಳಕೆದಾರರ ಕೈ ಸೇರಬೇಕೆಂಬುದೇ ಆಗಿದೆ. ಮೋಟರ್ ತೆಗೆದುಕೊಂಡ ಮೇಲೆ ಉಳಿಯುವ ಸರ್ಕ್ಯೂಟ್ ಬೋರ್ಡ್, ಕವಚ ಎಲ್ಲವೂ ಅಲ್ಲಿಗೇ ಹೋಗಬೇಕು. ಬೋರ್ಡನ್ನು ತಾಮ್ರದ ಆಸೆಗೆ ಸುಡುವವರ ಕೈಗೆ ಯಾವ ಕಾರಣಕ್ಕೂ ಕೊಡಬಾರದು.

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಲ್ಲಿ ನನ್ನ ವಿನಂತಿ ಒಂದೇ. ಗಣಕಯಂತ್ರಗಳನ್ನು ವಿಲೇವಾರಿ ಮಾಡುವ ಪ್ರತಿ ಶಾಲೆಯೂ ಅವುಗಳಲ್ಲಿ ಎರಡು ಹಾರ್ಡ್ ಡಿಸ್ಕ್‌ಗಳನ್ನು, ಮಾಹಿತಿ ಅಳಿಸಿ, ಡೆಡ್ ಸ್ಟಾಕ್ ರಿಜಿಸ್ಟರಿನಿಂದ ತೆಗೆದು ವಿಜ್ಞಾನ ಪ್ರಯೋಗಾಲಯದ ದಾಸ್ತಾನು ವಹಿಗೆ ಪಾಠೋಪಕರಣವೆಂದು ಬರೆದುಕೊಳ್ಳಲು ಅನುಮತಿಸುವ ಒಂದು ಸುತ್ತೋಲೆಯನ್ನು ಹೊರಡಿಸಬೇಕು. ನಾನು ಮಾತನಾಡಿಸಿದ ಮುಖ್ಯಶಿಕ್ಷಕರಿಗೆ ಮನಸ್ಸಿಲ್ಲವೆಂದಲ್ಲ. ಲೆಕ್ಕ ತಪಾಸಣೆಯಲ್ಲಿ ಎರಡು ಹಾರ್ಡ್ ಡಿಸ್ಕ್ ಕಡಿಮೆ ಬಂದರೆ ಉತ್ತರಿಸುವವರು ಯಾರೆಂಬ ಭಯ ಅವರಿಗಿದೆ, ಆ ಭಯ ಸಕಾರಣವೂ ಆಗಿದೆ. ಲಿಖಿತ ಅನುಮತಿ ಇದ್ದರೆ ಅದು ನೀಗುತ್ತದೆ. ಈ ಮೂರು ಜಿಲ್ಲೆಗಳ ಯಾವ ಶಾಲೆಯವರು ಕರೆದರೂ ಶನಿವಾರ ಬೆಳಗಿನ ಬಸ್ಸಿಗೆ ಸ್ಕ್ರೂಡ್ರೈವರ್, ಮಲ್ಟಿಮೀಟರ್ ಮತ್ತು ನಾನು ಮಾಡಿದ ಡಯಲ್ ಹಿಡಿದು ಬರಲು ನಾನು ಸಿದ್ಧನಿದ್ದೇನೆ. ಅಂತಹ ಶಾಲೆಯವರು ತಮ್ಮ ಪತ್ರಿಕೆಯ ಕಚೇರಿಯ ಮೂಲಕ ನನ್ನನ್ನು ಸಂಪರ್ಕಿಸಲು ಅವಕಾಶ ಮಾಡಿಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತವಿಜ್ಞಾನ ಉಪನ್ಯಾಸಕ,
ಧಾರವಾಡ