ಬಿಸಿ ಎಂಜಿನ್‌ಗೆ ಚೋಕ್ ಎಳೆಯಬೇಡ

ಪ್ರೀತಿಯ ಪುಟ್ಟಿಗೆ,

ನಿನ್ನೆ ರಾತ್ರಿ ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ಗೊತ್ತಾಯಿತು, ತೋಳು ಸೋತುಹೋಗಿದೆ ಅಂತ. ಬೆಳಿಗ್ಗೆ ಎದುರಿನ ಹ್ಯಾಂಡಲನ್ನು ಕೈಯಲ್ಲಿ ಎರಡೇ ಸಲ ತಿರುಗಿಸಿದ್ದಕ್ಕೆ ಎದ್ದ ಟ್ರ್ಯಾಕ್ಟರ್, ಮಧ್ಯಾಹ್ನ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಹೊಡೆದರೆ ಕೆಮ್ಮಲೂ ಇಲ್ಲ ಅಂದೆ. ಒಂದೂವರೆ ಗಂಟೆ ಅದರ ಮುಂದೆ ನಿಂತು, ಕೊನೆಗೆ ಅಳು ಬಂತು ಅಂದೆ. ನಾನು ಫೋನಿನಲ್ಲಿ ಏನೇನೋ ಹೇಳಿದೆ, ಅರ್ಧ ನಿನಗೆ ಕೇಳಿಸಲಿಲ್ಲ. ಕೈ ಮುರಿಯುವ ವಿಷಯ ಇದು, ಬಾಯಿಮಾತಿಗೆ ಬಿಡುವಂಥದ್ದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದುವವರೆಗೆ ಹ್ಯಾಂಡಲ್ ಮುಟ್ಟಬೇಡ.

ನೀನು ಮಾಡಿದ ತಪ್ಪು ಒಂದೇ. ಬೆಳಗಿನ ಪಾಠವನ್ನೇ ಮಧ್ಯಾಹ್ನ ಒಪ್ಪಿಸಿದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುತ್ತದೆ, ಪೆಟ್ರೋಲು ಸರಿಯಾಗಿ ಆವಿಯಾಗದೆ ಹನಿಹನಿಯಾಗಿ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಆಗ ಚೋಕ್ ಎಳೆದು ಗಾಳಿ ಕಡಿಮೆ ಮಾಡಿ ಪೆಟ್ರೋಲು ಜಾಸ್ತಿ ಕೊಡಬೇಕು. ಚೆನ್ನಾಗಿ ಉರಿಯಬೇಕಾದರೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಬೇಕು. ಬಿಸಿ ಎಂಜಿನ್ನಿನಲ್ಲಿ ಬಿದ್ದ ಪೆಟ್ರೋಲೆಲ್ಲ ಆವಿಯಾಗುವುದರಿಂದ ಆ ಲೆಕ್ಕ ತಾನಾಗಿಯೇ ಕೂಡುತ್ತದೆ. ಅದರ ಮೇಲೂ ಚೋಕ್ ಎಳೆದರೆ ಅದಕ್ಕೆ ಉಸಿರೇ ಸಿಗುವುದಿಲ್ಲ.

ಆ ಹತ್ತು ನಿಮಿಷದಲ್ಲಿ ಒಳಗೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ತಿಳಿದರೆ ಉಳಿದದ್ದನ್ನು ನೀನೇ ಊಹಿಸಬಲ್ಲೆ. ಎಂಜಿನ್ ಓಡುವಾಗ ಫ್ಯಾನು ಗಾಳಿ ಬೀಸುತ್ತದೆ, ನೀರು ಸುತ್ತುತ್ತದೆ, ಟ್ಯಾಂಕಿನಿಂದ ಹೊಸ ಪೆಟ್ರೋಲು ಬರುತ್ತಲೇ ಇದ್ದು, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರನ್ನು ತಣ್ಣಗಿಡುತ್ತದೆ. ನಿಲ್ಲಿಸಿದೊಡನೆ ಇದೆಲ್ಲ ನಿಂತುಹೋಗುತ್ತದೆ. ಆದರೆ ಅಷ್ಟು ದಪ್ಪದ ಎರಕದ ಕಬ್ಬಿಣ ಒಮ್ಮೆಲೇ ತಣಿಯುವುದಿಲ್ಲವಲ್ಲ, ಅದರ ಕಾವು ಪಕ್ಕಕ್ಕೂ ಮೇಲಕ್ಕೂ ಹರಿದು ಕಾರ್ಬೊರೇಟರ್ ಸೇರುತ್ತದೆ. ನಮ್ಮದು ಸೀಮೆಎಣ್ಣೆಯಲ್ಲೂ ಓಡಲೆಂದು ಮಾಡಿದ ಗಾಡಿ. ಸೀಮೆಎಣ್ಣೆ ಆವಿಯಾಗಲು ಕಾವು ಬೇಕೆಂದು ಹೊಗೆ ಹೋಗುವ ಮ್ಯಾನಿಫೋಲ್ಡಿಗೆ ಗಾಳಿ ಬರುವ ಮ್ಯಾನಿಫೋಲ್ಡನ್ನು ಬೇಕೆಂತಲೇ ಅಂಟಿಸಿದ್ದಾರೆ. ಪೆಟ್ರೋಲಿನ ಹಗುರ ಭಾಗ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯಲು ಶುರುಮಾಡುತ್ತದೆ. ಹಾಗಾಗಿ ನಿಲ್ಲಿಸಿದ ಐದು ನಿಮಿಷದ ಮೇಲೆ ಕಾರ್ಬೊರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲು ಒಲೆಯ ಮೇಲಿಟ್ಟ ಹಾಗೆ ಕುದಿಯುತ್ತದೆ. ಕಿವಿ ಹತ್ತಿರ ತಂದರೆ ಸಣ್ಣಗೆ ಗುಳುಗುಳು ಸದ್ದು ಕೇಳುತ್ತದೆ. ಆವಿ ಮೇಲೇರಿ ಮ್ಯಾನಿಫೋಲ್ಡ್ ತುಂಬುತ್ತದೆ, ಮಿಕ್ಕಿದ್ದು ಕೆಳಗೆ ತೊಟ್ಟಿಕ್ಕುತ್ತದೆ. ನೀನು ನಿನ್ನೆ ನೆಲದ ಮೇಲೆ ಕಂಡೆ ಅಂದ ಒದ್ದೆ ಕಲೆ ಅದೇ. ಕಾದ ಕಬ್ಬಿಣದ ಪಕ್ಕ ಪೆಟ್ರೋಲು ತೊಟ್ಟಿಕ್ಕುತ್ತಿರುವಾಗ ಹ್ಯಾಂಡಲ್ ಹೊಡೆಯಬಾರದು. ಮೊದಲು ಪೆಟ್ರೋಲಿನ ನಲ್ಲಿ ಮುಚ್ಚು, ಕಲೆ ಆರುವವರೆಗೆ ದೂರ ನಿಲ್ಲು.

ಈಗ ಬಿಸಿಯಲ್ಲಿ ಎಬ್ಬಿಸುವುದು ಹೇಗೆ ಅಂತ ನೋಡೋಣ. ಗೇರು ನ್ಯೂಟ್ರಲ್‌ನಲ್ಲಿದೆಯಾ ಅಂತ ಕಣ್ಣಲ್ಲಿ ನೋಡಿದರೆ ಸಾಲದು, ಲಿವರನ್ನು ಕೈಯಲ್ಲಿ ಅಲ್ಲಾಡಿಸಿ ನೋಡು. ಹಿಂದಿನ ಚಕ್ರಗಳಿಗೆ ಮುಂದೊಂದು ಹಿಂದೊಂದು ಕಲ್ಲು ಕೊಡು. ಗೇರಿನಲ್ಲಿ ಎದ್ದ ಟ್ರ್ಯಾಕ್ಟರ್ ಮೊದಲು ಹಾಯುವುದು ಹ್ಯಾಂಡಲ್ ಹಿಡಿದು ಎದುರು ನಿಂತವರ ಮೇಲೆ. ಆಮೇಲೆ ಕಿಡಿ ಹುಟ್ಟಿಸುವ ಮ್ಯಾಗ್ನೆಟೋದ ಸ್ವಿಚ್ ಆಫ್ ಮಾಡು, ನಲ್ಲಿ ಮುಚ್ಚಿಯೇ ಇರಲಿ, ಚೋಕ್ ಪೂರ್ತಿ ತೆರೆದಿರಲಿ, ಥ್ರಾಟಲ್ ಪೂರ್ತಿ ಕೊಡು. ಹಾಗೇ ಅರ್ಧರ್ಧ ಸುತ್ತಿನಂತೆ ಎಂಟು ಹತ್ತು ಸಲ ಮೇಲೆಳೆ. ಒಳಗೆ ಕಟ್ಟಿಕೊಂಡ ಆವಿಯೆಲ್ಲ ಹೊಗೆ ಕೊಳವೆಯಿಂದ ಹೋಗಿ ಶುದ್ಧ ಗಾಳಿ ಬರುತ್ತದೆ. ಕೊಳವೆಯ ಬಾಯಲ್ಲಿ ಪೆಟ್ರೋಲಿನ ಘಾಟು ಕಡಿಮೆಯಾದದ್ದು ನಿನಗೇ ಮೂಗಿಗೆ ಗೊತ್ತಾಗುತ್ತದೆ. ಈಗ ಥ್ರಾಟಲನ್ನು ಕಾಲುಭಾಗಕ್ಕೆ ಇಳಿಸು, ಸ್ಪಾರ್ಕ್ ಲಿವರನ್ನು ಕಿಡಿ ತಡವಾಗಿಸುವ ಕಡೆಗೆ ಪೂರ್ತಿ ತಳ್ಳು, ನಲ್ಲಿ ತೆರೆದು ಬಟ್ಟಲು ತುಂಬಲು ಒಂದು ನಿಮಿಷ ಬಿಡು. ಸ್ವಿಚ್ ಹಾಕಿ ಒಂದೇ ಒಂದು ಸಲ ಚುರುಕಾಗಿ ಮೇಲೆಳೆ. ಎದ್ದರೆ ಸರಿ, ಏಳದಿದ್ದರೆ ಇನ್ನೂ ಎರಡು ಮೂರು. ಅಷ್ಟಕ್ಕೂ ಏಳದಿದ್ದರೆ ಬಿಟ್ಟುಬಿಡು, ನೆರಳಿಗೆ ಹೋಗಿ ಕೂರು. ಹತ್ತನೇ ಹ್ಯಾಂಡಲ್‌ನ್ನು ಸಿಟ್ಟಿನಲ್ಲಿ ಹೊಡೆಯುತ್ತೀಯ, ಸಿಟ್ಟಿನಲ್ಲಿ ಹಿಡಿತ ತಪ್ಪುತ್ತದೆ.

ನನ್ನ ಬಲಗೈ ಅಂಗೈಯನ್ನು ಪೂರ್ತಿ ಮೇಲಕ್ಕೆ ತಿರುಗಿಸಲು ಬರುವುದಿಲ್ಲ, ನೀನು ನೋಡಿದ್ದೀಯ. ನಾನು ಏಣಿಯಿಂದ ಬಿದ್ದೆ ಅಂತ ನಿನಗೆ ಚಿಕ್ಕಂದಿನಲ್ಲಿ ಹೇಳಿದ್ದೆ. ಅದು ಸುಳ್ಳು. ಕೈ ಮುರಿದದ್ದು ಇದೇ ಹ್ಯಾಂಡಲ್. ನೀನು ಆ ಗಾಡಿಯ ಮಡ್‌ಗಾರ್ಡಿನ ಮೇಲೆ ಕೂತು ಹಾಡುತ್ತಿದ್ದ ಕಾಲ, ನಿನಗೆ ಅದರ ಬಗ್ಗೆ ಹೆದರಿಕೆ ಹುಟ್ಟಬಾರದು ಅನ್ನಿಸಿತ್ತು. ಮಳೆ ಮೋಡ ಕಟ್ಟಿತ್ತು, ಅರ್ಧ ಹೊಲ ಉಳುವುದಿತ್ತು, ಎಂಜಿನ್ ಕುದಿಯುವ ಹಾಗಿತ್ತು. ಚೋಕ್ ಎಳೆದು ಎಳೆದು ಹೊಡೆದೆ. ಸಾಕಾಗಿ ಹ್ಯಾಂಡಲನ್ನು ಮೇಲಿಂದ ಕೆಳಕ್ಕೆ, ಮೈಭಾರವೆಲ್ಲ ಹಾಕಿ ಒತ್ತಿದೆ. ಹೆಬ್ಬೆರಳು ಹಿಡಿಯ ಆ ಕಡೆ ಸುತ್ತಿಕೊಂಡಿತ್ತು. ಠಪ್ ಅಂತ ಒಂದೇ ಸದ್ದು. ಮೊದಲು ನೋವು ಗೊತ್ತಾಗಲಿಲ್ಲ, ಕೈ ಮಾತ್ರ ನನ್ನದಲ್ಲದ ಹಾಗೆ ಜೋತುಬಿದ್ದಿತ್ತು. ಮಣಿಕಟ್ಟಿನ ಹೆಬ್ಬೆರಳ ಕಡೆಯ ಮೂಳೆಯ ತುದಿ ಸೀಳಿತ್ತು. ವೈದ್ಯರ ಪುಸ್ತಕದಲ್ಲಿ ಆ ಮುರಿತಕ್ಕೆ ಇವತ್ತಿಗೂ ‘ಶೋಫರ್ ಫ್ರಾಕ್ಚರ್’ ಅನ್ನುವ ಹೆಸರಿದೆ. ಹ್ಯಾಂಡಲ್ ಹೊಡೆದು ಕಾರು ಎಬ್ಬಿಸುತ್ತಿದ್ದ ಕಾಲದ ಡ್ರೈವರುಗಳ ಕೈಯಿಂದಲೇ ಆ ಹೆಸರು ಬಂತು. ಕಾರಿನವರಿಗೆ 1912ರಲ್ಲಿ ಕ್ಯಾಡಿಲಾಕ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. 1917ರಲ್ಲಿ ತಯಾರಾಗತೊಡಗಿದ ಫೋರ್ಡ್‌ಸನ್ ಟ್ರ್ಯಾಕ್ಟರ್ ಮಾತ್ರ ಹ್ಯಾಂಡಲಿನಲ್ಲೇ ಏಳುತ್ತಿತ್ತು. ಹೊಲದವರು ಆಮೇಲೂ ಎಷ್ಟೋ ವರ್ಷ ಮಣಿಕಟ್ಟನ್ನೇ ನಂಬಿಕೊಂಡಿದ್ದರು.

ಹ್ಯಾಂಡಲ್ ಯಾಕೆ ತಿರುಗಿ ಹೊಡೆಯುತ್ತದೆ ಗೊತ್ತಾ? ಪಿಸ್ಟನ್ ಇನ್ನೂ ಮೇಲಕ್ಕೆ ಬರುತ್ತಿರುವಾಗಲೇ ಉರಿ ಹತ್ತಿಕೊಂಡರೆ ಅದನ್ನು ಬಂದ ದಾರಿಯಲ್ಲೇ ಕೆಳಕ್ಕೆ ನೂಕುತ್ತದೆ. ಎಂಜಿನ್ ವೇಗವಾಗಿ ಓಡುವಾಗ ಕಿಡಿ ಮೊದಲೇ ಬೇಕು. ಕೈಯಲ್ಲಿ ನಿಧಾನ ತಿರುಗಿಸುವಾಗ ತಡವಾಗಿ ಬರಬೇಕು. ಬಿಸಿ ಎಂಜಿನ್ನಿನಲ್ಲಿ ಇನ್ನೊಂದು ಅಪಾಯವಿದೆ. ಒಳಗೆ ಕಟ್ಟಿಕೊಂಡ ಮಸಿ ಕೆಂಡದಂತೆ ಕಾದಿದ್ದರೆ ಕಿಡಿಯೇ ಇಲ್ಲದೆಯೂ ಹತ್ತಿಕೊಳ್ಳಬಹುದು. ಸ್ವಿಚ್ಚಿನ ವೈರು ಎಲ್ಲೋ ಕಡಿದಿದ್ದರೆ ಆಫ್ ಮಾಡಿದರೂ ಮ್ಯಾಗ್ನೆಟೋ ಕಿಡಿ ಕೊಡುತ್ತಲೇ ಇರುತ್ತದೆ. ಆದ್ದರಿಂದ ಸ್ವಿಚ್ ಆಫ್ ಇದ್ದಾಗಲೂ ಹಿಡಿತ ಅದೇ ಇರಲಿ. ಎಡಗೈ, ಐದೂ ಬೆರಳು ಒಂದೇ ಕಡೆ, ಹೆಬ್ಬೆರಳು ತೋರುಬೆರಳಿಗೆ ಒತ್ತಿಕೊಂಡಿರಬೇಕು. ಹ್ಯಾಂಡಲನ್ನು ಕೆಳಗೆ ಗಡಿಯಾರದ ಏಳರ ಜಾಗಕ್ಕೆ ತಂದು ಅಲ್ಲಿಂದ ಮೇಲಕ್ಕೆ ಎಳೆ. ತಿರುಗಿ ಹೊಡೆದರೆ ಬೆರಳು ಬಿಚ್ಚಿಕೊಂಡು ಕೈ ಪಾರಾಗುತ್ತದೆ. ಕೆಳಕ್ಕೆ ಒತ್ತಬೇಡ, ಕಾಲಿನಲ್ಲಿ ತುಳಿಯಬೇಡ, ಬಾವಿ ರಾಟೆಯಂತೆ ಗರಗರ ಸುತ್ತಬೇಡ.

ಗರಗರ ಸುತ್ತುವ ಅಗತ್ಯವೂ ಇಲ್ಲ, ಮ್ಯಾಗ್ನೆಟೋದಲ್ಲಿ ಇಂಪಲ್ಸ್ ಕಪ್ಲಿಂಗ್ ಅಂತ ಒಂದು ಭಾಗವಿದೆ. ನನಗೆ ಇಡೀ ಗಾಡಿಯಲ್ಲಿ ಅತಿ ಪ್ರಿಯವಾದದ್ದು ಅದು. ನೀನು ನಿಧಾನ ಎಳೆದರೂ ಅದು ಮ್ಯಾಗ್ನೆಟೋವನ್ನು ಹಿಡಿದಿಟ್ಟುಕೊಂಡು, ಒಳಗೆ ಸ್ಪ್ರಿಂಗ್ ಬಿಗಿಯುತ್ತಾ ಹೋಗಿ, ಪಿಸ್ಟನ್ ಮೇಲೆ ಬಂದಾಗ ಟಕ್ ಅಂತ ಬಿಟ್ಟುಬಿಡುತ್ತದೆ. ಆ ಒಂದು ಜರ್ಕಿನಲ್ಲಿ ಕಿಡಿ ಬಲವಾಗಿಯೂ ತಡವಾಗಿಯೂ ಬರುತ್ತದೆ. ನಮ್ಮ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಪ್ರತಿ ಅರ್ಧ ಸುತ್ತಿಗೊಂದು ಟಕ್ ಕೇಳಬೇಕು. ಹಳೆ ಎಣ್ಣೆ ಅಂಟಾಗಿ ಅದರ ಹಲ್ಲು ಹಿಡಿದುಕೊಂಡರೆ ಟಕ್ ಕೇಳುವುದಿಲ್ಲ, ಕಿಡಿ ಬಡವಾಗುತ್ತದೆ, ಬಂದರೂ ಮೊದಲೇ ಬರುತ್ತದೆ. ಸದ್ದಿಲ್ಲದ ದಿನ ಹ್ಯಾಂಡಲ್ ಮುಟ್ಟಲೇಬೇಡ.

ಇನ್ನು ಪೆಟ್ರೋಲಿನ ತಪ್ಪೇ ಇಲ್ಲದೆ ಬಿಸಿಯಲ್ಲಿ ಏಳದಿರುವುದೂ ಉಂಟು. ಮ್ಯಾಗ್ನೆಟೋದ ಕಾಯಿಲ್ ಹಳತಾದರೆ ತಣ್ಣಗಿದ್ದಾಗ ಚೆನ್ನಾಗಿದ್ದು ಕಾದ ಮೇಲೆ ಕೈಕೊಡುತ್ತದೆ. ತಂತಿಯ ಮೇಲಿನ ಹೊದಿಕೆ ಕಾವಿಗೆ ಸೋತು ಒಳಗೊಳಗೇ ಕರೆಂಟು ಸೋರುತ್ತದೆ, ಕಂಡೆನ್ಸರ್‌ಗೂ ಅದೇ ರೋಗ. ನೋಡುವುದು ಸುಲಭ. ಒಂದು ಪ್ಲಗ್ಗಿನ ವೈರು ತೆಗೆದು ಹೊಸ ಪ್ಲಗ್ಗಿಗೆ ಹಾಕಿ, ಕಾರ್ಬೊರೇಟರಿನಿಂದ ದೂರ, ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ತಾಗಿಸಿಟ್ಟು ನಲ್ಲಿ ಮುಚ್ಚಿ ಹ್ಯಾಂಡಲ್ ಎಳೆ. ಹಿಡಿತ ಮಾತ್ರ ಅದೇ, ಉಳಿದ ಮೂರು ಸಿಲಿಂಡರಿಗೆ ಕಿಡಿ ಹೋಗುತ್ತಲೇ ಇರುತ್ತದೆ. ನೀಲಿಯಾಗಿ ದಪ್ಪಗೆ ಚಟ್ ಅಂದರೆ ಆರೋಗ್ಯ. ಬೆಳಿಗ್ಗೆ ನೀಲಿ ಇದ್ದದ್ದು ಮಧ್ಯಾಹ್ನ ತೆಳ್ಳಗೆ ಹಳದಿ ಆಗಿದ್ದರೆ ಮ್ಯಾಗ್ನೆಟೋ ಬಿಚ್ಚಿ ಬಲ್ಲವರಿಗೆ ಕೊಡಬೇಕು, ಮನೆಯಲ್ಲಿ ತೆರೆಯುವುದು ಬೇಡ.

ಮೂರನೆಯದು ವಾಲ್ವು, ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಬಿಡುವ ಮುಚ್ಚಳ. ಇದನ್ನು ನಿನ್ನ ಕೈಯೇ ಹೇಳುತ್ತದೆ. ಸ್ವಿಚ್ ಆಫ್ ಮಾಡಿ ನಿಧಾನ ತಿರುಗಿಸಿದರೆ ಎರಡು ಸುತ್ತಿನಲ್ಲಿ ನಾಲ್ಕು ಸಲ ಹ್ಯಾಂಡಲ್ ಭಾರವಾಗಿ ಮತ್ತೆ ಹಗುರಾಗುತ್ತದೆ, ನಾಲ್ಕು ದಿಬ್ಬ ಹತ್ತಿಳಿದ ಹಾಗೆ. ನಿನ್ನೆ ಕಾದಾಗ ಅದರಲ್ಲೊಂದು ದಿಬ್ಬ ಸಪ್ಪೆಯಾಗಿತ್ತಾ, ನೆನಪು ಮಾಡಿಕೋ. ವಾಲ್ವಿಗೂ ಅದನ್ನು ತಳ್ಳುವ ಟ್ಯಾಪೆಟ್ಟಿಗೂ ನಡುವಿನ ಗ್ಯಾಪು ತೀರಾ ಕಡಿಮೆ ಇದ್ದರೆ ಕಾದ ವಾಲ್ವಿನ ಕಡ್ಡಿ ಉದ್ದವಾಗಿ, ವಾಲ್ವು ಪೂರ್ತಿ ಮುಚ್ಚಿಕೊಳ್ಳದೆ ಕಂಪ್ರೆಶನ್ ಸೋರುತ್ತದೆ. ಹಾಗೇ ಓಡಿಸಿದರೆ ಹೊಗೆಯ ವಾಲ್ವು ಸುಟ್ಟೇ ಹೋಗುತ್ತದೆ.

ಅರ್ಧ ಕಷ್ಟ ತಪ್ಪುವುದು ನಿಲ್ಲಿಸುವ ರೀತಿಯಲ್ಲಿ. ಉಳುತ್ತಾ ಬಂದು ಹಾಗೇ ಸ್ವಿಚ್ ತೆಗೆಯಬೇಡ. ಮೂರು ನಾಲ್ಕು ನಿಮಿಷ ಸಣ್ಣ ವೇಗದಲ್ಲಿ ಓಡಲಿ, ಫ್ಯಾನು ನೀರಿನ ಕಾವು ಇಳಿಸಲಿ. ಸೀಮೆಎಣ್ಣೆಯಲ್ಲಿ ಓಡಿಸುತ್ತಿದ್ದರೆ ಅಷ್ಟರಲ್ಲಿ ಪೆಟ್ರೋಲಿಗೆ ತಿರುಗಿಸು. ಬಟ್ಟಲಿನಲ್ಲಿ ಸೀಮೆಎಣ್ಣೆ ಉಳಿದು ಎಂಜಿನ್ ಉಗುರುಬೆಚ್ಚಗಾಯಿತೋ, ಅದರಷ್ಟು ಕೆಟ್ಟ ಸ್ಥಿತಿ ಇಲ್ಲ. ಅತ್ತ ಆವಿಯಾಗುವಷ್ಟು ಕಾವಿಲ್ಲ, ಇತ್ತ ಪೆಟ್ರೋಲೂ ಇಲ್ಲ. ಎಷ್ಟು ಹೊಡೆದರೂ ಉರಿಯದ ಸೀಮೆಎಣ್ಣೆ ಪಿಸ್ಟನ್ ರಿಂಗ್ ದಾಟಿ ಕೆಳಗಿನ ಎಣ್ಣೆಗೆ ಸೇರುತ್ತದೆ ಅಷ್ಟೆ. ಹಾಗಾದರೆ ಎಂಜಿನ್ ಪೂರ್ತಿ ತಣಿದ ಮೇಲೆ ಬಟ್ಟಲು ಬಸಿದು ಪೆಟ್ರೋಲು ತುಂಬಬೇಕು. ಕೊನೆಯಲ್ಲಿ ನಲ್ಲಿ ಮುಚ್ಚಿ, ಬಟ್ಟಲಿನಲ್ಲಿರುವುದು ಖಾಲಿಯಾಗಿ ಎಂಜಿನ್ ತಾನೇ ನಿಲ್ಲಲಿ, ಸ್ವಿಚ್ ಆಮೇಲೆ ತೆಗೆ. ಕುದಿಯಲು ಬಟ್ಟಲಲ್ಲಿ ಏನೂ ಇಲ್ಲದಿದ್ದರೆ ಕುದಿಯುವುದೇನು! ಸಾಧ್ಯವಾದರೆ ನೆರಳಲ್ಲಿ, ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸು. ಪೆಟ್ರೋಲು ಪೈಪಿನಲ್ಲಿ ಆವಿ ಕಟ್ಟಿಕೊಂಡಿದೆ ಅನ್ನಿಸಿದರೆ ಒದ್ದೆ ಬಟ್ಟೆಯನ್ನು ಪೈಪಿಗೆ ಸುತ್ತು. ಕಾದ ಮ್ಯಾನಿಫೋಲ್ಡಿನ ಮೇಲೆ ನೀರು ಚೆಲ್ಲಬೇಡ, ಕಬ್ಬಿಣ ಸೀಳುತ್ತದೆ. ರೇಡಿಯೇಟರ್ ಮುಚ್ಚಳವನ್ನು ಕಾದಿರುವಾಗ ತೆರೆಯಬೇಡ ಅಂತ ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ನಾಳೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಎರಡು ಕೆಲಸ ಮಾಡು. ಗಾಡಿಯ ಸೀಟಿನ ಕೆಳಗಿನ ಡಬ್ಬಿಯಲ್ಲಿ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಫೀಲರ್ ಗೇಜ್ ಇದೆ. ಎಂಟೂ ವಾಲ್ವಿನ ಗ್ಯಾಪು ಅಳೆದು ಒಂದರಿಂದ ಎಂಟರವರೆಗೆ ಬರೆದಿಡು, ನೀನಾಗಿ ಸರಿಮಾಡಲು ಹೋಗಬೇಡ. ಆಮೇಲೆ ಸ್ವಿಚ್ ಆಫ್‌ನಲ್ಲಿಟ್ಟು, ಎಡಗೈಯಲ್ಲಿ, ಹೆಬ್ಬೆರಳು ಹೇಳಿದ ಹಾಗೆ ಇಟ್ಟುಕೊಂಡು ನಾಲ್ಕು ಸಲ ನಿಧಾನ ಮೇಲೆಳೆ, ಮ್ಯಾಗ್ನೆಟೋ ಕಡೆ ಕಿವಿಯಿರಲಿ. ಎಷ್ಟು ಟಕ್ ಕೇಳಿಸಿತು ಅಂತ ಮೊದಲು ಫೋನ್ ಮಾಡಿ ಹೇಳು. ನಾನು ಎದ್ದಿರುತ್ತೇನೆ.

ನಿನ್ನ,
ಅಪ್ಪ