ಮಗಳಿಗೊಂದು ಪತ್ರ: ನ್ಯೂರೋ ಐಸಿಯುವಿನ ಮೊದಲ ರಾತ್ರಿಗೆ ಮುನ್ನ

ಮಗಳೇ,

ನಾಳೆಯಿಂದ ನ್ಯೂರೋ ಐಸಿಯುವಿನಲ್ಲಿ, ಅಂದರೆ ಮಿದುಳು-ನರದ ತೊಂದರೆ ಜೋರಾದವರ ವಾರ್ಡಿನಲ್ಲಿ, ನೈಟ್ ಡ್ಯೂಟಿ ಅಂತ ನೀನು ನಿನ್ನೆ ಹೇಳಿದಾಗ ಸಂತೋಷಪಡುವುದು ಬಿಟ್ಟು, "ನಿನ್ನ ಮೆತ್ತಗಿನ ಮನಸ್ಸಿಗೆ ಆ ವಾರ್ಡ್ ಆಗಿಬರಲ್ಲ" ಅಂದುಬಿಟ್ಟೆ. ನೀನು ಫೋನ್ ಇಟ್ಟುಬಿಟ್ಟೆ. ಮಾತು ಒರಟಾಯಿತು, ಕ್ಷಮಿಸು. ಆದರೆ ಆ ಮಾತು ಆಡಿಸಿದ ಭಯ ಇನ್ನೂ ಹೋಗಿಲ್ಲ. ನೀನು ನರ್ಸಿಂಗ್ ಸೇರುತ್ತೇನೆಂದ ದಿನ ಮನೆಯಲ್ಲಿ ಏನೇನು ನಡೆಯಿತೋ ಅದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ತೆಗೆಯುವುದು ಬೇಡ.

ನಾನು ನರ್ಸ್ ಕೆಲಸಕ್ಕೆ ಸೇರಿದ ಹೊಸತು. ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗನೊಬ್ಬ ವಾರ್ಡಿಗೆ ಬಂದ. ಬಂದಾಗ ಸರಿಯಾಗಿ ಮಾತಾಡುತ್ತಿದ್ದ, ತನ್ನ ಸೈಕಲ್ ಏನಾಯಿತು ಅಂತ ಕೇಳುತ್ತಿದ್ದ. ಸಂಜೆ ತಲೆನೋವು ಅಂದ, ವಾಂತಿ ಮಾಡಿದ, ಹಾಸಿಗೆಯಲ್ಲಿ ಹೊರಳಾಡಿದ. ರಾತ್ರಿ ಹೊತ್ತಿಗೆ ಗೊರಕೆ ಹೊಡೆಯುತ್ತ ಮಲಗಿದ್ದ. ನಾವು ಹತ್ತಿರ ಹೋದಾಗ ಅವನ ತಾಯಿ ತುಟಿಯ ಮೇಲೆ ಬೆರಳಿಟ್ಟು, "ಈಗಷ್ಟೇ ಕಣ್ಣು ಮುಚ್ಚಿದ್ದಾನೆ, ಎಬ್ಬಿಸಬೇಡಿ ಸಿಸ್ಟರ್" ಅಂದರು.

ಇಷ್ಟು ವರ್ಷವಾದರೂ ಆ ಬೆರಳು ನನ್ನ ಕಣ್ಣಿಂದ ಹೋಗಿಲ್ಲ. ದಣಿದ ತಾಯಿ, ಕೊನೆಗೂ ನೆಮ್ಮದಿಯಾಗಿ ಮಲಗಿದ ಮಗ. ಯಾರಿಗೆ ತಾನೇ ಎಬ್ಬಿಸಲು ಮನಸ್ಸು ಬರುತ್ತದೆ? ನನ್ನ ಜೊತೆಗಿದ್ದ ಹಿರಿಯ ಸಿಸ್ಟರ್ ಆ ತಾಯಿಯ ಕೈಯನ್ನು ಮೆಲ್ಲಗೆ ಸರಿಸಿ, ಹುಡುಗನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದರು. ಕಣ್ಣು ತೆರೆಯಲಿಲ್ಲ. ಹೆಗಲ ಸ್ನಾಯುವನ್ನು ಹಿಂಡಿದರು. ಆಗ ಕಣ್ಣು ತೆರೆದ, ಕೈಯಿಂದ ಅವರ ಕೈ ತಳ್ಳಿದ, ಅರ್ಥವಿಲ್ಲದ ಒಂದೆರಡು ಪದ ಆಡಿದ. ಸಂಜೆ ಪೂರ್ತಿ 15 ಇದ್ದ ಜಿಸಿಎಸ್, ಅಂದರೆ ಎಚ್ಚರ ಎಷ್ಟಿದೆ ಅಂತ ಅಳೆಯುವ ಅಂಕ, 10ಕ್ಕೆ ಇಳಿದಿತ್ತು. ಟಾರ್ಚ್ ಬೆಳಕು ಹಾಕಿ ನೋಡಿದರೆ ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು, ಕುಗ್ಗುವುದೂ ನಿಧಾನ. ತಲೆಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ತುಂಬುತ್ತಿತ್ತು. ಇಂಥ ಪೆಟ್ಟಿನಲ್ಲಿ ಕೆಲವರು ಕೆಲವು ಗಂಟೆ ಚೆನ್ನಾಗಿಯೇ ಇದ್ದು ಆಮೇಲೆ ಕುಸಿಯುತ್ತಾರೆ ಅಂತ ಓದಿದ್ದೆ, ಕಣ್ಣಾರೆ ನೋಡಿದ್ದು ಅಂದೇ. ಸ್ಕ್ಯಾನ್, ಆಪರೇಷನ್, ಎಲ್ಲ ಆಗಿ ಹುಡುಗ ಉಳಿದ. ಅವನು ಗುಣವಾದ ಮೇಲೂ ಆ ತಾಯಿ ಮಾತ್ರ "ಮಲಗಲಿ ಬಿಡಿ ಅಂದಿದ್ದೆನಲ್ಲ" ಅಂತ ಅಳುತ್ತಲೇ ಇದ್ದರು.

ನಿನ್ನನ್ನು ಹೆತ್ತವಳು ನಾನು. ಯಾರಾದರೂ ಹಾಗೆ ಬೆರಳಿಟ್ಟರೆ ನೀನು ಹೆಜ್ಜೆ ಸಪ್ಪಳವೂ ಆಗದಂತೆ ಹಿಂದೆ ಸರಿಯುವವಳು. ನನ್ನ ಭಯ ಅದೊಂದೇ. ಬೇರೆ ವಾರ್ಡುಗಳಲ್ಲಿ ನಿದ್ದೆ ಕೆಡಿಸದಿರುವುದು ಒಳ್ಳೆಯ ಶುಶ್ರೂಷೆ. ಇಲ್ಲಿ ಎಬ್ಬಿಸುವುದೇ ಶುಶ್ರೂಷೆ. ಹಾಗಾಗಿ ಡ್ಯೂಟಿಗೆ ಬಂದ ತಕ್ಷಣ ಮನೆಯವರಿಗೆ ಮೊದಲೇ ಹೇಳಿಬಿಡು: ಗಂಟೆಗಂಟೆಗೂ ಎಬ್ಬಿಸುತ್ತೇನೆ, ಕಾರಣ ಇದು, ಅಂತ. ಕಾರಣ ಗೊತ್ತಾದರೆ ಅವರೇ ನಿನ್ನನ್ನು ಕರೆಯುತ್ತಾರೆ.

ಜಿಸಿಎಸ್ ನಿನಗೆ ಬಾಯಿಪಾಠ ಅಂತ ಗೊತ್ತು. ಆದರೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಗ್ಲಾಸ್ಗೋದ ಡಾಕ್ಟರುಗಳಾದ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ಅದನ್ನು ಪ್ರಕಟಿಸಿದ್ದರಿಂದ, ಒಬ್ಬರು ನೋಡಿದ್ದನ್ನು ಇನ್ನೊಬ್ಬರು ಅದೇ ಅಳತೆಯಲ್ಲಿ ನೋಡುವಂತಾಯಿತು. ಬರೀ ಮೊತ್ತ ಬರೆದರೆ ಅದರ ಉಪಯೋಗವೇ ಹೋಗುತ್ತದೆ. ಕಣ್ಣು, ಮಾತು, ಚಲನೆ ಬೇರೆಬೇರೆಯಾಗಿ ಬರೆ. ಎರಡು ಅಂಕ ಇಳಿದರೆ ಡಾಕ್ಟರಿಗೆ ಫೋನ್ ಮಾಡಲು ಯೋಚಿಸಬೇಡ. ಚಲನೆಯಲ್ಲಿ ಒಂದೇ ಇಳಿದರೂ ಮಾಡು. "ಯಾಕೋ ಸ್ವಲ್ಪ ಡಲ್ ಆಗಿದ್ದಾರೆ" ಅನ್ನಬೇಡ, ಅಂಕಿ ಹೇಳು. ಮೊತ್ತ ಎಂಟಕ್ಕೆ ಬಂದರೆ ಉಸಿರಿನ ದಾರಿಯ ಚಿಂತೆ ಮೊದಲು. ಹ್ಯಾಂಡ್‌ಓವರ್ ಕೌಂಟರಿನಲ್ಲಿ ನಿಂತು ಮುಗಿಸಬೇಡ. ಪಾಳಿ ಮುಗಿಸಿ ಹೋಗುವವಳೂ ನೀನೂ ಇಬ್ಬರೂ ಹಾಸಿಗೆಯ ಪಕ್ಕ ನಿಂತು ಒಂದು ಸಲ ಒಟ್ಟಿಗೆ ನೋಡಿ. ಬಿಪಿ ಏರಿ, ನಾಡಿ ನಿಧಾನವಾಗಿ, ಉಸಿರು ಏರುಪೇರಾಗುವುದನ್ನು ಪುಸ್ತಕಗಳು ದೊಡ್ಡ ಲಕ್ಷಣ ಅಂತ ಬರೆಯುತ್ತವೆ. ಅದು ಕಾಣುವ ಹೊತ್ತಿಗೆ ಮಿದುಳಿನ ಕಾಂಡ ಒತ್ತಡಕ್ಕೆ ಸಿಕ್ಕಿರುತ್ತದೆ. ಅಲ್ಲಿಯವರೆಗೆ ಕಾಯಬೇಡ.

ತಲೆಬುರುಡೆ ಮುಚ್ಚಿದ ಡಬ್ಬಿ. ಒಳಗಿರುವ ಮಿದುಳು, ರಕ್ತ, ದ್ರವದಲ್ಲಿ ಒಂದು ಹೆಚ್ಚಾದರೆ ಇನ್ನೊಂದು ಜಾಗ ಬಿಡಬೇಕು. ಅದಕ್ಕೇ ಹಾಸಿಗೆಯ ತಲೆಭಾಗ 30 ಡಿಗ್ರಿ ಎತ್ತರ, ಕುತ್ತಿಗೆ ನೇರ. ಉಸಿರಿನ ಟ್ಯೂಬಿನ ಟೇಪು ಕುತ್ತಿಗೆಗೆ ಬಿಗಿದಿದ್ದರೂ ರಕ್ತ ತಲೆಯಿಂದ ಕೆಳಗಿಳಿಯುವುದನ್ನು ತಡೆಯುತ್ತದೆ. ಕಫ ಹೀರುವ ಸಕ್ಷನ್ ಬೇಗ ಮುಗಿಸು, ಅದೂ ಒಳಗಿನ ಒತ್ತಡ ಏರಿಸುತ್ತದೆ.

ಸ್ಟ್ರೋಕ್ ಬಂದವರ ಮನೆಯವರನ್ನು "ಯಾವಾಗ ಬಿದ್ದರು" ಅಂತ ಕೇಳಬೇಡ, "ಕೊನೆಯದಾಗಿ ಯಾವಾಗ ಸರಿಯಾಗಿದ್ದರು" ಅಂತ ಕೇಳು. ಬೆಳಿಗ್ಗೆ ಎದ್ದಾಗಲೇ ಕೈ ಬಿದ್ದಿತ್ತೆಂದರೆ ರಾತ್ರಿ ಮಲಗಿದ ಹೊತ್ತೇ ಲೆಕ್ಕ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಅವಕಾಶ. ಮೊದಲು ಶುಗರ್ ನೋಡು, ಕಡಿಮೆಯಾದ ಶುಗರ್ ಸ್ಟ್ರೋಕಿನ ವೇಷ ಹಾಕುತ್ತದೆ. ಇಂಜೆಕ್ಷನ್ ಆದಮೇಲೆ ಎರಡು ಗಂಟೆ ಕಾಲ 15 ನಿಮಿಷಕ್ಕೊಮ್ಮೆ, ಮುಂದಿನ ಆರು ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ 24 ಗಂಟೆ ತುಂಬುವವರೆಗೆ ಗಂಟೆಗೊಮ್ಮೆ ಬಿಪಿ, ಎಚ್ಚರ, ಕೈಕಾಲಿನ ಚಲನೆ ನೋಡು. ನುಂಗುವ ಪರೀಕ್ಷೆ ಆಗುವವರೆಗೆ ಯಾರು ಎಷ್ಟು ಬೇಡಿದರೂ ಒಂದು ಗುಟುಕು ನೀರೂ ಬೇಡ. ಇಲ್ಲೂ ನಿನ್ನ ಕರುಳು ಚುರ್ ಅನ್ನುತ್ತದೆ, ಗೊತ್ತು.

ಫಿಟ್ಸ್ ಬಂದರೆ ಮೊದಲು ಗಡಿಯಾರ ನೋಡು, ಪಕ್ಕಕ್ಕೆ ಹೊರಳಿಸು, ಬಾಯಿಗೆ ಏನೂ ತುರುಕಬೇಡ. ಐದು ನಿಮಿಷ ದಾಟಿದರೆ ತಾನಾಗಿ ನಿಲ್ಲುವ ಆಸೆ ಬಿಟ್ಟು ಔಷಧಿ ಕೊಡಬೇಕು. ಕೈಕಾಲು ಶಾಂತವಾದಮೇಲೆ ಎಚ್ಚರ ಬರುತ್ತಿದೆಯಾ ನೋಡು. ಕೆಲವರಲ್ಲಿ ಹೊರಗೆ ನಿಂತ ಫಿಟ್ಸ್ ಮಿದುಳಿನೊಳಗೆ ನಡೆಯುತ್ತಲೇ ಇರುತ್ತದೆ. ನೋಡಿದೆಯಾ, ಶಾಂತವಾಗಿ ಮಲಗಿದ್ದಾರೆಂದು ನಂಬಬೇಡ ಅನ್ನುವ ಮಾತಿಗೇ ಮತ್ತೆ ಬಂದೆ. ನರಗಳಿಗೆ ಪೆಟ್ಟಾಗಿ ಕೈಕಾಲು, ಉಸಿರಾಟದ ಸ್ನಾಯುಗಳೂ ಸೋಲುವ ಗಿಲಿಯನ್ ಬಾರೆ ಕಾಯಿಲೆಯ ರೋಗಿಯೂ ಹಾಗೆಯೇ: ಸದ್ದಿಲ್ಲದೆ ಮಲಗಿರುತ್ತಾರೆ, ಬೆರಳಿನ ಕ್ಲಿಪ್ಪು ಒಳ್ಳೆಯ ಅಂಕಿಯನ್ನೇ ತೋರಿಸುತ್ತಿರುತ್ತದೆ. ಆಮ್ಲಜನಕ ಇಳಿಯುವುದು ತೀರ ತಡವಾಗಿ. ಒಂದೇ ಉಸಿರಿನಲ್ಲಿ ಎಷ್ಟು ಎಣಿಸಬಲ್ಲರು ಅಂತ ಕೇಳು. ಹಿಂದಿನ ಗಂಟೆಗಿಂತ ಕಡಿಮೆಯಾದರೆ ಅದೇ ಎಚ್ಚರಿಕೆ.

ಪಾಠ ಮಾಡಲ್ಲ ಅಂತ ಕೂತವಳು ಪಾಠವನ್ನೇ ಮಾಡಿದೆ. ಈಗ ನಿನ್ನೆ ಹೇಳಬೇಕಾಗಿದ್ದ ಮಾತು. ನಿನ್ನ ಮೆತ್ತಗಿನ ಮನಸ್ಸು ಆ ವಾರ್ಡಿಗೆ ಬೇಕು. ಪೂರ್ತಿ ಎಚ್ಚರವಿದ್ದೂ ಕಣ್ಣನ್ನು ಮೇಲೆ ಕೆಳಗೆ ಆಡಿಸುವುದು, ರೆಪ್ಪೆ ಬಡಿಯುವುದು ಬಿಟ್ಟರೆ ಬೇರೇನೂ ಆಡಿಸಲಾಗದ ರೋಗಿಗಳು ಸಿಗುತ್ತಾರೆ. ಅವಸರದವರು ಅವರನ್ನು ಪ್ರಜ್ಞೆ ತಪ್ಪಿದವರು ಅಂದುಕೊಳ್ಳುತ್ತಾರೆ. ನೀನು ಹಾಗಲ್ಲ. ಪ್ರಜ್ಞೆಯಿಲ್ಲದವರ ಮೈ ಒರೆಸುವಾಗಲೂ "ಈಗ ಮಗ್ಗುಲು ಹೊರಳಿಸುತ್ತೇನೆ" ಅಂತ ಹೇಳಿಯೇ ಹೊರಳಿಸುವವಳು ಅಂತ ನಿನ್ನ ಜೊತೆಯವಳು ಹೇಳಿದಾಗ ನನಗಾದ ಹೆಮ್ಮೆಯನ್ನು ನಿನ್ನೆ ಬಚ್ಚಿಟ್ಟುಕೊಂಡೆ. ಯಾಕೋ ಗೊತ್ತಿಲ್ಲ.

ನಿಮ್ಮಲ್ಲಿ ಪಾಪೆ ಅಳೆಯುವ ಯಂತ್ರ ಬಂದಿದೆಯಂತಲ್ಲ. ನಮಗಿದ್ದದ್ದು ಪೆನ್ ಟಾರ್ಚ್ ಒಂದೇ. ಆ ಯಂತ್ರ ಹೇಗಿದೆ, ಟಾರ್ಚಿನಲ್ಲಿ ನೋಡಿದ್ದಕ್ಕೂ ಅದು ತೋರಿಸುವುದಕ್ಕೂ ಎಷ್ಟು ಹೊಂದುತ್ತದೆ, ಬಿಡುವಾದಾಗ ವಿವರವಾಗಿ ಬರೆ. ನನಗೆ ತಿಳಿದುಕೊಳ್ಳಬೇಕಿದೆ.

ನಿನ್ನ
ಅಮ್ಮ