ಹಿಂದಿನ ಎರಡು ಜಾಕ್ ಒಂದೇ ಲೈನಿಗೆ ಬಂದದ್ದು ಯಾಕೆ

ಪ್ರಿಯ ಗ್ರಾಹಕರೇ,

ಭಾರ ಇಡುವ ನಮ್ಮ ಹೊಸ ಪ್ಲಾಟ್‌ಫಾರಂಗಳಿಗೆ ಕಾಲುಗಳಂತಿರುವ ನಾಲ್ಕು ಜಾಕ್‌ಗಳಲ್ಲಿ (ಎಣ್ಣೆಯ ಒತ್ತಡದಿಂದ ಭಾರ ಎತ್ತಿ ಹಿಡಿಯುವಂಥವು) ಹಿಂದಿನ ಎರಡು ಒಂದೇ ಎಣ್ಣೆ ಲೈನಿನಲ್ಲಿವೆ. ಮುಂದಿನ ಎರಡಕ್ಕೆ ಎಂದಿನಂತೆ ಬೇರೆ ಬೇರೆ ಲೈನ್. ಇದನ್ನು ಮೊದಲೇ ಹೇಳದೆ ಕಳಿಸಿದ್ದು ನಮ್ಮ ತಪ್ಪು, ಕ್ಷಮಿಸಿ. ಲೈನಿಗೊಂದರಂತೆ ನಾಲ್ಕು ಲಿವರ್ ಇದ್ದ ಕಡೆ ಮೂರು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ.

ಆದರೆ "ಒಂದು ವಾಲ್ವ್ ಉಳಿಸಿಕೊಂಡ್ರಲ್ಲ" ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಉಳಿತಾಯವಾದದ್ದು ಒಂದು ವಾಲ್ವ್, ನಿಜ. ಅದರ ಬದಲಿಗೆ ಎರಡು ಹಿಂದಿನ ಜಾಕ್‌ಗಳ ಬಾಯಿಗೂ ಒಂದೊಂದು ಸೇಫ್ಟಿ ವಾಲ್ವ್ ಹಾಕಿದ್ದೇವೆ. ಎಣ್ಣೆ ನಿಧಾನವಾಗಿ ಹರಿದರೆ ಬಿಡುತ್ತದೆ, ಹೋಸ್ ಒಡೆದು ರಭಸವಾಗಿ ನುಗ್ಗಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಪೈಪು ದಪ್ಪದ್ದು, ಮೂರು ಲೈನಿಗೂ ಒತ್ತಡ ತೋರಿಸುವ ಗೇಜ್. ಇದರಲ್ಲಿ ಉಳಿತಾಯ ಎಲ್ಲಿ ಬಂತು?

ಇದಕ್ಕೂ ಮೊದಲು ಕೇಳುತ್ತಿದ್ದ ದೂರು "ಅಗ್ಗದ ಸೀಲ್ ಹಾಕ್ತೀರಿ" ಅಂತ. ಸೀಲ್ ಅಂದರೆ ಜಾಕ್‌ನಿಂದ ಎಣ್ಣೆ ಸೋರದಂತೆ ತಡೆಯುವ ಉಂಗುರ. ಸೋರಿದ ಜಾಕ್‌ಗಳನ್ನು ನಮ್ಮ ಕೈಯಿಂದಲೇ ಖರ್ಚು ಹಾಕಿ ಸರಿ ಮಾಡಿಕೊಟ್ಟೆವು. ಬಿಚ್ಚಿ ನೋಡಿದರೆ ಸೀಲ್‌ನಲ್ಲಿ ದೋಷ ಇರಲಿಲ್ಲ. ಭಾರ ಹಂಚಿಕೆಯೇ ತಪ್ಪಿತ್ತು.

ನಾಲ್ಕು ಕಾಲಿನ ಸ್ಟೂಲು ಒಂದಿಷ್ಟು ಏರುಪೇರಿನ ನೆಲದಲ್ಲೂ ಕುಂಟುತ್ತದೆ, ಮೂರು ಕಾಲಿನದು ಎಲ್ಲಿಟ್ಟರೂ ಕೂರುತ್ತದೆ. 20 ಟನ್ ಇಟ್ಟರೆ ಕಾಲಿಗೆ 5 ಟನ್ ಅಂತ ಎಲ್ಲರೂ ಲೆಕ್ಕ ಹಾಕುತ್ತೇವೆ, ಅಲ್ವಾ? ನಾಲ್ಕೂ ಜಾಕ್ ಬೇರೆ ಬೇರೆ ಲಾಕ್ ಆಗಿದ್ದು, ಒಂದರ ಕೆಳಗೆ ನೆಲ ಸ್ವಲ್ಪ ಕುಸಿದರೆ ಆ ಲೆಕ್ಕ ಮುಗಿಯಿತು. ಭಾರವೆಲ್ಲ ಉಳಿದ ಎದುರು-ಬದುರು ಮೂಲೆಯ ಎರಡು ಕಾಲಿಗೆ ಹೋಗಿ, ಒಂದೊಂದಕ್ಕೆ 10 ಟನ್ ಹತ್ತಿರ ಬೀಳಬಹುದು. 100 ಮಿ.ಮೀ. ಬೋರಿನ (ಒಳವ್ಯಾಸದ) ಜಾಕ್‌ನಲ್ಲಿ 5 ಟನ್‌ಗೆ ಸುಮಾರು 62 ಬಾರ್ ಒತ್ತಡ, 10 ಟನ್‌ಗೆ ಸುಮಾರು 125. ಪಾಪ, ಸೀಲ್ ಏನು ಮಾಡೀತು?

ಈಗ ಹಿಂದಿನ ಜೋಡಿಯಲ್ಲಿ ಒತ್ತಡ ಒಂದೇ, ಬೋರ್ ಒಂದೇ, ಆದ್ದರಿಂದ ಹೊರುವ ಭಾರವೂ ಒಂದೇ. ಒಂದರ ಕೆಳಗೆ ನೆಲ ಕುಸಿದರೆ ಇನ್ನೊಂದರ ಎಣ್ಣೆ ಅದಕ್ಕೆ ಹರಿಯುತ್ತದೆ. ನಾಲ್ಕು ಕಾಲಿದ್ದರೂ ಪ್ಲಾಟ್‌ಫಾರಂ ಮೂರು ಕಾಲಿನ ಹಾಗೆ ಕೂರುತ್ತದೆ. ಹಾಗಾದರೆ ನಾಲ್ಕನ್ನೂ ಸೇರಿಸಬಾರದಿತ್ತೇ ಎಂದರೆ, ಬೇಡ. ಭಾರ ಜಾಸ್ತಿ ಇರುವ ಕಡೆ ಕುಸಿದು ಹಗುರ ಕಡೆ ಮೇಲೇಳುತ್ತದೆ.

ಇದರಲ್ಲೂ ಒಂದು ತೊಂದರೆ ಇದೆ, ಮುಚ್ಚಿಡುವುದಿಲ್ಲ. ಮುಂದಿನ ಎರಡು ಜಾಕ್, ಹಿಂದಿನ ಜೋಡಿಯ ನಡುವಿನ ಜಾಗ, ಈ ಮೂರನ್ನು ಸೇರಿಸಿ ಗೆರೆ ಎಳೆದರೆ ಬರುವ ತ್ರಿಕೋನದೊಳಗೇ ಒಟ್ಟು ಭಾರದ ನಡು ಇರಬೇಕು. ಅದು ಹಿಂದಿನ ಮೂಲೆಗೆ ಸರಿದರೆ ಪ್ಲಾಟ್‌ಫಾರಂ ಆ ಕಡೆ ವಾಲುತ್ತದೆ. ಇನ್ನು ಮುಂದೆ ಹಲಗೆಯ ಮೇಲೇ ಕೆಂಪು ತ್ರಿಕೋನ ಬಳಿದು ಕಳಿಸುತ್ತೇವೆ. ಬಳಿಯದೆ ಕೊಟ್ಟ ಪ್ಲಾಟ್‌ಫಾರಂ ಇದ್ದರೆ ತಿಳಿಸಿ, ಬಣ್ಣದ ಡಬ್ಬಿ ಹಿಡಿದು ನಾನೇ ಬರುತ್ತೇನೆ. ಅಲ್ಲಿವರೆಗೆ ಹಿಂದಿನ ಮೂಲೆಗೆ ಭಾರ ಇಡಬೇಡಿ.